ಇಲಿಭಾಗ್ಯ ಯೋಜನೆಯ ಫಲಾನುಭವಿಗಳು

ಉಣಕಲ್ ಕೆರೆಯ ಸುತ್ತ ಬೆಳಗಿನಲ್ಲಿ ನಡೆಯುವ ನಿವೃತ್ತರಿಗೂ, ಧಾರವಾಡದ ಸಪ್ತಾಪುರದ ಕೋಣೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ತರುಣರಿಗೂ ಈಗ ಒಂದೇ ಚಿಂತೆ: ಮೆದುಳಿನೊಳಗಿನ ಮೈಟೋಕಾಂಡ್ರಿಯ, ಅಂದರೆ ಜೀವಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಪುಟ್ಟ ಘಟಕ. ‘ಸೌಮ್ಯ ಅನ್‌ಕಪ್ಲರ್’ ಎಂಬ ಪದಾರ್ಥಗಳು ಇಲಿಗಳ ಮೆದುಳನ್ನು ಕಾಪಾಡಿವೆಯೆಂದು ವಾಟ್ಸ್‌ಆ್ಯಪ್ ಸಾರಿದೆ. ಇಲಿಗೆ ದೊರೆತ ಸೌಲಭ್ಯ ತೆರಿಗೆ ಕಟ್ಟುವ ನಾಗರಿಕನಿಗೆ ಏಕೆ ದೊರೆಯಬಾರದು ಎಂಬ ನ್ಯಾಯವಾದ ಪ್ರಶ್ನೆಗೆ ಉತ್ತರವಾಗಿ ಜಿಮ್ಮಿನವರೊಬ್ಬರು ಪುಡಿಯ ಡಬ್ಬಿಗಳನ್ನೇ ತಂದು ಜೋಡಿಸಿದ್ದಾರೆ.

ಸುದ್ದಿ ಪೂರ್ತಿ ಸುಳ್ಳಲ್ಲ ಎಂಬುದೇ ತೊಡಕು. ಮೈಟೋಕಾಂಡ್ರಿಯ ತನ್ನ ಒಳಪೊರೆಯಾಚೆ ಪ್ರೋಟಾನ್‌ಗಳನ್ನು ಒತ್ತಿ ಕೂಡಿಟ್ಟು, ಅವು ಮರಳಿ ಒಳನುಗ್ಗುವ ರಭಸದಿಂದ ಕೋಶದ ಕೆಲಸಕ್ಕೆ ಬೇಕಾದ ಶಕ್ತಿಯನ್ನು ಹೊತ್ತ ಎಟಿಪಿ ಎಂಬ ಅಣುವನ್ನು ತಯಾರಿಸುತ್ತದೆ ಎಂದು ಬ್ರಿಟಿಷ್ ಜೀವರಸಾಯನ ವಿಜ್ಞಾನಿ ಪೀಟರ್ ಮಿಚೆಲ್ 1961ರಲ್ಲಿ ಹೇಳಿದಾಗ ನಂಬಿದವರು ಕಡಿಮೆ. 1978ರಲ್ಲಿ ನೊಬೆಲ್ ಬಂದ ಮೇಲೆ ನಂಬದವರು ಕಡಿಮೆ. ಅನ್‌ಕಪ್ಲರ್ ಆ ಪೊರೆಯಲ್ಲಿ ಸೋರಿಕೆ ಹುಟ್ಟಿಸಿ, ಕೂಡಿಟ್ಟ ಶಕ್ತಿಯನ್ನು ಬರೀ ಶಾಖವಾಗಿ ಕಳೆಯುತ್ತದೆ. ಸೋರಿಕೆ ಸ್ವಲ್ಪವೇ ಆದರೆ ಒತ್ತಡ ತಗ್ಗಿ, ಕೋಶವನ್ನು ಕೆಡಿಸುವ ಮುಕ್ತ ರ್ಯಾಡಿಕಲ್‌ಗಳೂ ಕಡಿಮೆಯಾಗುತ್ತವೆ. ಮಲಪ್ರಭೆಯ ನೀರು ನಲ್ಲಿಗೆ ತಲುಪುವ ಮೊದಲೇ ದಾರಿಯಲ್ಲಿ ಸೋರಿ, ಪೈಪು ಒಡೆಯದಂತೆ ಕಾಪಾಡುವ ಈ ತತ್ತ್ವವನ್ನು ಅವಳಿ ನಗರದವರಿಗೆ ವಿವರಿಸಬೇಕಾಗಿಲ್ಲ. ಸೋರಿಕೆ ಹೆಚ್ಚಾದರೆ ಮನೆಯ ಕೊಡ ಖಾಲಿ ಎಂಬುದನ್ನೂ ಅವರು ಬಲ್ಲರು. ದೇಹದ ತೂಕದಲ್ಲಿ ಶೇ. 2ರಷ್ಟೇ ಇದ್ದು, ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ನುಂಗುವ ಮೆದುಳಿಗೆ ಕೊಡ ಖಾಲಿಯಾದರೆ ಏನಾಗುತ್ತದೆಂಬುದನ್ನು ಮಾತ್ರ ವಾಟ್ಸ್‌ಆ್ಯಪ್ ತಿಳಿಸಿಲ್ಲ.

ಈ ಅನ್‌ಕಪ್ಲರ್ ಮನೆತನದ ಹಿರಿಯ ಡೈನೈಟ್ರೋಫಿನಾಲ್, ಅಂದರೆ ಡಿಎನ್‌ಪಿ ಎಂಬ ಹಳದಿ ಪುಡಿ. ಮೊದಲ ಮಹಾಯುದ್ಧದ ಕಾಲಕ್ಕೆ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಇದನ್ನು ಮುಟ್ಟಿದ ಕಾರ್ಮಿಕರು ಬೆವರಿ, ಜ್ವರದಿಂದ ಬೆಂದು, ಸೊರಗಿದರು, ಕೆಲವರು ಸತ್ತರು. ಇಷ್ಟೆಲ್ಲ ಕಂಡ ಮೇಲೆ ಮನುಷ್ಯಕುಲ ಕಲಿತದ್ದು ಒಂದನ್ನೇ, ತೂಕ ಇಳಿಯುತ್ತದೆ ಎಂಬುದನ್ನು. 1933ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇದನ್ನು ಬೊಜ್ಜಿಗೆ ಮದ್ದೆಂದು ವರದಿ ಮಾಡಿದ್ದೇ ತಡ, ಅಮೆರಿಕದಲ್ಲಿ ಗುಳಿಗೆಗಳು ಬಿಸಿಯಾಗಿ ಮಾರಾಟವಾದವು (ತಿಂದವರೂ ಬಿಸಿಯಾದರು), ಹಲವರ ಕಣ್ಣಿಗೆ ಪೊರೆ ಬಂತು, 1938ರಲ್ಲಿ ಅದು ಮನುಷ್ಯರ ಸೇವನೆಗೆ ತಕ್ಕುದಲ್ಲವೆಂದು ತೀರ್ಮಾನವಾಯಿತು. ಅದಕ್ಕೆ ಪ್ರತಿವಿಷ ಇಂದಿಗೂ ಇಲ್ಲ. ವಿಜ್ಞಾನಿಗಳು ಈಗ ಇಲಿಗಳಲ್ಲಿ ಪರೀಕ್ಷಿಸುತ್ತಿರುವುದು ಅತಿ ಸಣ್ಣ ಪ್ರಮಾಣವನ್ನು, ಅದೂ ತೂಗಿ, ಅಳೆದು, ನಿಗಾ ಇಟ್ಟು. ಜಿಮ್ಮಿನ ಪ್ರಮಾಣವೋ, ‘ಚಮಚ ತುಂಬ, ಹಾಲಿನೊಳಗ’.

ನಿವೃತ್ತ ಶಿಕ್ಷಕರೊಬ್ಬರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದರಾಗ ಏನೇನ ಐತಿ ಅಂತ ಬರದೇ ಇಲ್ಲಲ್ಲೋ ತಮ್ಮಾ?”

“ಇಲಿ ಮ್ಯಾಲ ಪ್ರಯೋಗ ಆಗೇತ್ರಿ ಸರ, ಚಿಂತಿ ಮಾಡಬ್ಯಾಡ್ರಿ.”

“ಆ ಇಲಿಗೋಳು ಈಗ ಹ್ಯಾಂಗದಾವು?”

ಮೆದುಳು ಉಳಿಯಿತೋ ಇಲ್ಲವೋ ಎಂದು ಖಚಿತಪಡಿಸಿಕೊಳ್ಳಲು ಪ್ರಯೋಗದ ಕೊನೆಗೆ ಇಲಿಯನ್ನು ಕೊಂದು, ಉಳಿದ ಮೆದುಳನ್ನು ತೆಳುವಾಗಿ ಹೋಳು ಮಾಡಿ ಸೂಕ್ಷ್ಮದರ್ಶಕದ ಕೆಳಗಿಡುವುದು ಪ್ರಯೋಗಾಲಯಗಳ ವಾಡಿಕೆ. ಡಬ್ಬಿ ಮಾರುವ ಜಿಮ್ಮಿನ ತರುಣನಿಗೆ ಅದು ತಿಳಿದಿರಲಿಲ್ಲ. “ಭಾಳ ಆರಾಮ ಅದಾವ್ರಿ” ಎಂದ. ಒಂದು ಕೊಂಡರೆ ಇನ್ನೊಂದು ಉಚಿತವೆಂದು ತಿಳಿದು, ಶಿಕ್ಷಕರು ಮನೆಯವರಿಗೂ ಒಂದು ಡಬ್ಬಿ ಒಯ್ದರು.