ರದ್ದಿಯಲ್ಲಿ ಉಳಿದ ಚುನಾವಣೆ

ಚುನಾವಣೆ ಮುಗಿದ ಮೇಲೆ ಪ್ರಚಾರದ ಕಾಗದ ಯಾರಿಗೆ ಬೇಕು? ನನ್ನಂಥ ಹುಚ್ಚರಿಗೆ ಬೇಕು. ಅದೂ ಹತ್ತೊಂಬತ್ತನೇ ಶತಮಾನದ ಅಮೆರಿಕದ್ದು. ಆಗ ಒಬ್ಬ ಅಭ್ಯರ್ಥಿಗೋಸ್ಕರವೇ ವಾರಪತ್ರಿಕೆ ಶುರುವಾಗುತ್ತಿತ್ತು. ಮತ ಎಣಿಕೆ ಮುಗಿದರೆ ಸಾಮಾನ್ಯವಾಗಿ ಅದರ ಕಥೆಯೂ ಮುಗಿಯಿತು.

1840ರಲ್ಲಿ ಹೊರೇಸ್ ಗ್ರೀಲಿ ಎಂಬ ಪತ್ರಕರ್ತ ನಡೆಸಿದ 'ಲಾಗ್ ಕ್ಯಾಬಿನ್' (ಅಂದರೆ ಮರದ ಗುಡಿಸಲು) ನೋಡಿ. ಅಧ್ಯಕ್ಷ ಪದವಿಯ ಅಭ್ಯರ್ಥಿ ವಿಲಿಯಂ ಹೆನ್ರಿ ಹ್ಯಾರಿಸನ್. ಒಂದು ಪೀಪಾಯಿ ಸೈಡರ್ (ಸೇಬಿನ ಮದ್ಯ) ಮತ್ತು ಪಿಂಚಣಿ ಕೊಟ್ಟರೆ ಸಾಕು, ಈ ಮುದುಕ ಮರದ ಗುಡಿಸಲಲ್ಲಿ ಸುಮ್ನೆ ಬಿದ್ದಿರ್ತಾನೆ ಅಂತ ಎದುರು ಪಕ್ಷದ ಪತ್ರಿಕೆಯೊಂದು ಹಂಗಿಸಿತ್ತು. ಹ್ಯಾರಿಸನ್ ಕಡೆಯವರು ಆ ಗುಡಿಸಲನ್ನೇ ತಮ್ಮ ಗುರುತು ಮಾಡಿಕೊಂಡರು, ಪತ್ರಿಕೆಗೂ ಅದೇ ಹೆಸರಿಟ್ಟರು. ಆಸಾಮಿ ಹುಟ್ಟಿದ್ದು ಮಾತ್ರ ವರ್ಜೀನಿಯಾದ ದೊಡ್ಡ ಜಮೀನುದಾರರ ಬಂಗಲೆಯಲ್ಲಿ! ಗೆದ್ದರು. ಅಧಿಕಾರಕ್ಕೆ ಬಂದು ತಿಂಗಳಿಗೇ ತೀರಿಕೊಂಡರು.

ಹಳೆಯದಾದಷ್ಟೂ ಕಾಗದ ಹಾಳಾಗಿರುತ್ತೆ ಅಂದುಕೊಳ್ಳಬೇಡಿ. 1840ರ ಹಾಳೆ ಚಿಂದಿ ಬಟ್ಟೆಯ ತಿರುಳಿನದು. ಬೆರಳಿಗೆ ಮೆತ್ತಗೆ, ಗಟ್ಟಿಯಾಗಿ ಸಿಗುತ್ತೆ. ಬಣ್ಣವೂ ಜಾಸ್ತಿ ಮಾಸಿರುವುದಿಲ್ಲ. ಮರದ ತಿರುಳಿನ ಅಗ್ಗದ ಕಾಗದ ಬಂದ ಮೇಲಿನ 1890ರ ಪೇಪರು ಮಡಿಕೆ ಬಿಡಿಸಿದರೆ ಹಪ್ಪಳದ ಹಾಗೆ ಮುರಿಯುತ್ತೆ.

ವ್ಯಂಗ್ಯಚಿತ್ರ ಅಂದರೆ ನನಗೆ ಮೊದಲು ಥಾಮಸ್ ನಾಸ್ಟ್. ಆಮೇಲೆ ಉಳಿದವರು. ರಿಪಬ್ಲಿಕನ್ ಪಕ್ಷಕ್ಕೆ ಆನೆ ಗುರುತಾಗಿ ಅಂಟಿದ್ದು 1874ರಲ್ಲಿ 'ಹಾರ್ಪರ್ಸ್ ವೀಕ್ಲಿ'ಯಲ್ಲಿ ಬಂದ ಅವನ ಚಿತ್ರದಿಂದ. ದೊಡ್ಡ ಚಿತ್ರಗಳನ್ನು ಭೂತಗನ್ನಡಿ ಹಿಡಿದು ನೋಡಿ. ಅಲ್ಲಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಕಂಡರೆ ಅದು ಹರಿದ ಗುರುತಲ್ಲ. ಚಿತ್ರ ಕೆತ್ತಿದ ಸಣ್ಣ ಸಣ್ಣ ಮರದ ಅಚ್ಚುಗಳನ್ನು ಬಿಗಿದು ಒಂದು ಮಾಡಿದ ಜಾಗ. ಆ ಗೆರೆ ಸಿಕ್ಕಿದ ದಿನ ನನಗೆ ಊಟವೂ ಬೇಡ.

ನ್ಯೂಯಾರ್ಕಿನ ದುಡ್ಡು ನುಂಗಿದ ರಾಜಕಾರಣಿ ಬಾಸ್ ಟ್ವೀಡ್‌ನನ್ನು ನಾಸ್ಟ್ ತನ್ನ ಚಿತ್ರಗಳಲ್ಲಿ ವಾರವಾರವೂ ಹರಿದು ಹಾಕಿದ. 1875ರಲ್ಲಿ ಟ್ವೀಡ್ ಕಾವಲು ತಪ್ಪಿಸಿಕೊಂಡು ಓಡಿದ. ಮುಂದಿನ ವರ್ಷ ಸ್ಪೇನಿನಲ್ಲಿ ಸಿಕ್ಕಿಬಿದ್ದ. ಅಲ್ಲಿನವರು ಗುರುತು ಹಿಡಿದದ್ದು ನಾಸ್ಟ್ ಬರೆದ ಚಿತ್ರದಿಂದ ಅಂತ ಹೇಳುತ್ತಾರೆ. ಅದರಲ್ಲಿ ಟ್ವೀಡ್ ಇಬ್ಬರು ಹುಡುಗರ ಕೊರಳಪಟ್ಟಿ ಹಿಡಿದಿದ್ದಾನೆ. ಅದನ್ನು ನೋಡಿ ಇವನು ಮಕ್ಕಳ ಕಳ್ಳ ಅಂದುಕೊಂಡರಂತೆ. ಖಜಾನೆ ದೋಚಿದವನಿಗೆ ಎಂಥಾ ಅವಮಾನ ಅಲ್ವಾ!

ಆ ಚಿತ್ರ ಬಂದ 1876ರ ಸಂಚಿಕೆಗಾಗಿ ಇನ್ನೂ ಹುಡುಕ್ತಾ ಇದ್ದೇನೆ. ಲೈಬ್ರರಿಯ ಬೈಂಡಿನಿಂದ ಬಿಚ್ಚಿದ ಪ್ರತಿಯಾದರೂ ಪರವಾಗಿಲ್ಲ. ಅಂಚಿನಲ್ಲಿ ಹೊಲಿಗೆಯ ತೂತು ಇದ್ದರೆ ಇರಲಿ, ಆ ಇಬ್ಬರು ಹುಡುಗರು ಮಾತ್ರ ಪೂರ್ತಿ ಇರಬೇಕು.