ಯಾವ ಗಡಿಯಾರದ ಒಂದೂವರೆ?

ಹೋದ ವಾರ ಒಂದು ಸರ್ಟಿಫಿಕೇಟಿಗಾಗಿ ಬೆಂಗಳೂರಿನ ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ಯಾವುದು ಅಂತ ಕೇಳಬೇಡಿ, ಇನ್ನೂ ಅಲ್ಲಿಗೆ ಹೋಗುವುದಿದೆ. ಬಾಗಿಲಲ್ಲೇ ಟೋಕನ್ ಮಿಷನ್ ಇತ್ತು. ಒತ್ತಿದೆ, ಚೀಟಿ ಬಂತು. ಟೋಕನ್ 47, ಸಮಯ 1.36. ನನ್ನ ಮೊಬೈಲಿನಲ್ಲಿ 1.21. ಗೋಡೆ ಗಡಿಯಾರದಲ್ಲಿ 1.12. ಕೌಂಟರಿನ ಮೇಲೆ ‘ಊಟದ ವಿರಾಮ 1.30ರಿಂದ’ ಅನ್ನೋ ಬೋರ್ಡು. ಅದರ ಕೆಳಗೆ ಮೇಡಂ ಆಗಲೇ ಬ್ಯಾಗಿನಿಂದ ಡಬ್ಬಿ ತೆಗೆಯುತ್ತಿದ್ದರು.

“ಮೇಡಂ, ಇನ್ನೂ ಒಂಬತ್ತು ನಿಮಿಷ ಇದೆ.”

ಅವರು ಕಂಪ್ಯೂಟರಿನ ಮೂಲೆಗೆ ಬೆರಳಿಟ್ಟರು. “ನೋಡಿ ಸರ್, 1.31. ಸಿಸ್ಟಮ್ಮೇ ತೋರಿಸ್ತಿದೆ, ನಾನೇನ್ ಮಾಡ್ಲಿ?”

“ಗೋಡೆ ಗಡಿಯಾರ ನೋಡಿ.”

“ಅದು ಬೆಳಿಗ್ಗೆ ನೋಡೋದು ಸರ್.”

ಹೊರಗೆ ಬೆಂಚಿನ ಮೇಲೆ ಕೂತಾಗ ಲೆಕ್ಕ ಅರ್ಥವಾಯಿತು. ಬೆಳಿಗ್ಗೆ ಬರುವಾಗ ಒಂಬತ್ತು ನಿಮಿಷ ಹಿಂದಿರುವ ಗೋಡೆ ಗಡಿಯಾರ. ಊಟಕ್ಕೆ ಏಳುವಾಗ, ಸಂಜೆ ಹೊರಡುವಾಗ ಹತ್ತು ನಿಮಿಷ ಮುಂದಿರುವ ಕಂಪ್ಯೂಟರ್. ಯಾವುದೂ ಕೆಟ್ಟಿಲ್ಲ. ಪಾಪ, ಡ್ಯೂಟಿ ಹಂಚಿಕೊಂಡಿವೆ ಅಷ್ಟೇ.

ಇದು ಗಡಿಯಾರವನ್ನೇ ಕಾಣದ ಊರಾಗಿದ್ದರೆ ಬಿಡಿ ಅನ್ನಬಹುದಿತ್ತು. 1961ರಲ್ಲಿ ಎಚ್‌ಎಂಟಿ ಕೈಗಡಿಯಾರ ಹುಟ್ಟಿದ್ದು ಇಲ್ಲೇ. ನಮ್ಮಪ್ಪ ದಿನಾ ಬೆಳಿಗ್ಗೆ ಅದಕ್ಕೆ ಕೀ ಕೊಟ್ಟು, ಆಕಾಶವಾಣಿ ವಾರ್ತೆಗೆ ಮುಂಚೆ ಬರುವ ಪೀಂ ಪೀಂ ಸದ್ದಿಗೆ ಮುಳ್ಳು ಸರಿಮಾಡುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಮಾತಾಡುವಂತಿರಲಿಲ್ಲ, ಕುಕ್ಕರ್ ಕೂಡ. ಈಗ ನೋಡಿ, ಕೆಂಗೇರಿ ದಾಟಿದರೆ ಬ್ಯಾಲಾಳು. ಅಲ್ಲಿ ಇಸ್ರೋದ ನ್ಯಾವಿಗೇಷನ್ ಕೇಂದ್ರ ಪರಮಾಣು ಗಡಿಯಾರ ಇಟ್ಟುಕೊಂಡು ನ್ಯಾನೋಸೆಕೆಂಡಿನ ಲೆಕ್ಕ ಮಾಡುತ್ತದೆ. ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಒಂದು. ದಾರಿ ತೋರಿಸುವ ಉಪಗ್ರಹದ ಗಡಿಯಾರ ಒಂದು ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಒಂದು, ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಇತ್ತ ಕೌಂಟರಿನಲ್ಲಿ ಹತ್ತು ನಿಮಿಷ ತಪ್ಪಿದರೆ ಡಬ್ಬಿ ತೆರೆಯುತ್ತದೆ.

ಆದೇಶಕ್ಕೂ ಕೊರತೆ ಇಲ್ಲ. ದೇಶದ ಅಧಿಕೃತ ಸಮಯ ಕಾಯುವುದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ. ಎಲ್ಲ ಕಂಪನಿ, ಡೇಟಾ ಸೆಂಟರ್, ಸರ್ಕಾರಿ ಕಚೇರಿಗಳೂ ಅದರ ಜೊತೆ ಅಥವಾ ಸರ್ಕಾರದ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಎನ್‌ಐಸಿ ಜೊತೆ ತಮ್ಮ ಗಡಿಯಾರ ಹೊಂದಿಸಿಕೊಳ್ಳಬೇಕು ಅಂತ 2022ರಲ್ಲೇ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಅಪ್ಪಣೆ ಮಾಡಿದೆ. ಅಪ್ಪಣೆಯ ಪ್ರತಿ ಈ ಕಚೇರಿಯಲ್ಲೂ ಯಾವುದೋ ಫೈಲಿನಲ್ಲಿ ಭದ್ರವಾಗಿರುತ್ತದೆ, ಅನುಮಾನ ಬೇಡ.

ಹೀಗೆ ಹೊಂದಿಸಿಕೊಳ್ಳುವ ವಿಧಾನಕ್ಕೆ ಎನ್‌ಟಿಪಿ ಅಂತಾರೆ. ಡೇವಿಡ್ ಮಿಲ್ಸ್ ಅನ್ನೋ ಅಮೆರಿಕದ ಮೇಷ್ಟ್ರು ರೂಪಿಸಿದ್ದು, 1985ರಿಂದ ಇದೆ. ನನಗಂತೂ ಅವರು ನಮ್ಮ ಸಚಿವಾಲಯ ನೋಡಿಯೇ ಮಾಡಿದ್ದಾರೆ ಅನ್ನಿಸುತ್ತದೆ. ತುತ್ತತುದಿಯಲ್ಲಿ ಪರಮಾಣು ಗಡಿಯಾರ, ಅದು ಸೊನ್ನೆ. ಅದನ್ನು ಕೇಳುವ ಸರ್ವರ್ ಒಂದನೇ ಮೆಟ್ಟಿಲು, ಅದನ್ನು ಕೇಳುವುದು ಎರಡನೇ ಮೆಟ್ಟಿಲು. ಎಲ್ಲರೂ ‘ಮೇಲಿನವರನ್ನು ಕೇಳಿ ಹೇಳ್ತೀನಿ’ ಅನ್ನುವವರೇ! ವ್ಯತ್ಯಾಸ ಇರುವುದು ಮುಂದೆ. ಪತ್ರ ಹೋಗಿ ಬರಲು ಎಷ್ಟು ಹೊತ್ತಾಯಿತು ಅಂತ ಎನ್‌ಟಿಪಿ ಲೆಕ್ಕ ಹಾಕಿ, ಆ ತಡವನ್ನು ಸರಿಪಡಿಸಿಕೊಳ್ಳುತ್ತದೆ. ನಾಲ್ಕು ಜನರನ್ನು ಕೇಳಿ, ಸುಳ್ಳು ಹೇಳುವವನನ್ನು ಪಕ್ಕಕ್ಕೆ ಕೂರಿಸುತ್ತದೆ. ಹದಿನಾರನೇ ಮೆಟ್ಟಿಲಿನಲ್ಲಿ ಇದ್ದೀನಿ ಅಂದರೆ ‘ನನಗೆ ಟೈಮ್ ಗೊತ್ತಿಲ್ಲ’ ಅಂತ ಒಪ್ಪಿಕೊಂಡ ಹಾಗೆ. ಗೊತ್ತಿಲ್ಲ ಅನ್ನೋಕೂ ಒಂದು ನಂಬರ್ ಇಟ್ಟಿದ್ದಾರೆ ನೋಡಿ, ಅಲ್ಲಿಗೆ ಸಚಿವಾಲಯದ ಹೋಲಿಕೆ ಮುಗಿಯಿತು.

ಊಟ ಆದಮೇಲೆ ಒಳಗೆ ಹೋದರೆ ‘ಸರ್ವರ್ ಡೌನ್’. ಸಿಸ್ಟಮ್ ನೋಡಿಕೊಳ್ಳುವ ಹುಡುಗ ಬಂದ.

“ಸರ್ವರ್ ಚೆನ್ನಾಗೇ ಇದೆ ಸರ್. ಪಕ್ಕದ ಕಂಪ್ಯೂಟರಿನ ಸೆಲ್ ಹೋಗಿದೆ. ಕರೆಂಟ್ ಹೋದ್ರೆ ಸಾಕು, ತಾರೀಖು ಮರೆತುಬಿಡುತ್ತೆ. ತಾರೀಖು ತಪ್ಪಾದ್ರೆ ಸೆಕ್ಯೂರ್ ಸೈಟು ಓಪನ್ ಆಗಲ್ಲ.”

“ನೆಟ್ಟಿಂದ ಟೈಮ್ ತಗೊಳ್ಳಲ್ವಾ?”

“ತಗೊಳ್ಳುತ್ತೆ. ಅದಕ್ಕೆ 123ನೇ ಪೋರ್ಟ್ ಬೇಕು, ಫೈರ್‌ವಾಲಿನಲ್ಲಿ ಬಂದ್ ಮಾಡಿದ್ದಾರೆ. ತೆಗೀರಿ ಅಂತ ಲೆಟರ್ ಹಾಕಿದೀವಿ.”

“ಯಾವಾಗ?”

“ಯಾವ ಕಂಪ್ಯೂಟರಿನ ಡೇಟ್ ಹೇಳ್ಲಿ ಸರ್?”

ಸಣ್ಣ ಬಟನ್ ಸೆಲ್ಲು ಅದು. ಅಂಗಡಿಗೆ ಹೋಗಿ ನಾನೇ ತಂದುಕೊಡ್ತೀನಿ ಅಂದೆ. ಆಡಿಟ್‌ನವರು ಒಪ್ಪಲ್ಲ ಅಂದರು ಮೇಡಂ. ಆದರೂ ಒಳ್ಳೆಯವರು, ನನ್ನನ್ನು ಬರಿಗೈಲಿ ಕಳಿಸಲಿಲ್ಲ. ಆ ಪಕ್ಕದ ಕಂಪ್ಯೂಟರಿನಲ್ಲೇ ಒಂದು ಸ್ವೀಕೃತಿ ಪತ್ರ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸೀಲು ಒತ್ತಿ ಕೊಟ್ಟರು. ದಿನಾಂಕ ತಾನಾಗೇ ಬಂದಿತ್ತು: 01-01-2009.

ನಿನ್ನೆ ಮತ್ತೆ ಹೋಗಿದ್ದೆ. ಪತ್ರ ತೋರಿಸಿ, “ಸಕಾಲ ಕಾಯ್ದೆ ಪ್ರಕಾರ ಇಷ್ಟು ದಿನದೊಳಗೆ ಕೊಡಬೇಕು ಅಲ್ವಾ?” ಅಂತ ಕೇಳಿದೆ. ಸಾಹೇಬರು ಕನ್ನಡಕ ಏರಿಸಿ ದಿನಾಂಕ ಓದಿದರು. ಬೆರಳು ಮಡಿಸಿ ಲೆಕ್ಕ ಹಾಕಿದರು.

“ಸಕಾಲ ಕಾಯ್ದೆಯೇ 2011ರದು ಸ್ವಾಮಿ. ನಿಮ್ಮ ಅರ್ಜಿ ಅದಕ್ಕೂ ಹಳೇದು. ಅದು ಇದರಲ್ಲಿ ಬರಲ್ಲ.”