ಕಪ್ಪಿನೊಳಗಿನ ಗಾಳಿ

ಒಂದು ಕಪ್ ಅಂದ್ರೆ 250 ಮಿಲಿಲೀಟರ್. ಹಾಗಾದ್ರೆ ಒಂದು ಕಪ್ ಒಣದ್ರಾಕ್ಷಿ ಅಂದ್ರೆ 250 ಗ್ರಾಂ. ಲೆಕ್ಕದಲ್ಲಿ ನಾನೇನು ದಡ್ಡನಲ್ಲ, ಹಾಗಾಗಿ ಈ ಸಮೀಕರಣದ ಮೇಲೆ ಪೂರ್ತಿ ನಂಬಿಕೆಯಿತ್ತು. ಕೇಕಿಗೆ ಎರಡು ಕಪ್ ದ್ರಾಕ್ಷಿ ಬೇಕು ಅಂತ ಬರೆದಿತ್ತು. ಅಳತೆಯ ಕಪ್ ಯಾವುದೋ ಪಾತ್ರೆಯ ಹಿಂದೆ ಅಡಗಿ ಕೂತಿತ್ತು. ಕೈಯಲ್ಲಿ ಅರ್ಧ ಕೆ.ಜಿ. ಪ್ಯಾಕೆಟ್ ಇತ್ತು. ಸರಿಯಾಗಿ ಎರಡು ಕಪ್ ಅಲ್ವಾ? ಹರಿದು ಪೂರ್ತಿ ಸುರಿದೆ.

ಓವನ್ನಿನಿಂದ ಆಚೆ ಬಂದದ್ದು ದ್ರಾಕ್ಷಿಯ ಗೋಡೆ. ಹಿಟ್ಟು ಅಲ್ಲಲ್ಲಿ ಗಾರೆಯ ಹಾಗೆ ಇಣುಕುತ್ತಿತ್ತು. ಚಾಕು ಇಟ್ಟರೆ ಕತ್ತರಿಸಲಿಲ್ಲ, ಕುಸಿಯಿತು. ಹೆಂಡತಿ ಒಂದು ಚೂರು ಬಾಯಿಗೆ ಹಾಕಿಕೊಂಡು, "ಚೆನ್ನಾಗಿದೆ ರೀ. ಇದರಲ್ಲಿ ಕೇಕ್ ಎಲ್ಲಿದೆ?" ಅಂದಳು.

ಮಿಲಿಲೀಟರ್ ಒಂದಕ್ಕೆ ಗ್ರಾಂ ಒಂದು ಅನ್ನೋದು ನೀರಿನ ಲೆಕ್ಕ. ದ್ರಾಕ್ಷಿ ನೀರಲ್ಲ. ಅಮೆರಿಕದ ಕಪ್ಪಿಗೆ ಸುಮ್ನೆ ಸುರಿದರೆ ಸುಮಾರು 145 ಗ್ರಾಂ ಹಿಡಿಯುತ್ತೆ. ಅದೇ ಕಪ್ಪಿಗೆ ಒತ್ತಿ ತುಂಬಿದರೆ 165. ಉಳಿದ ಜಾಗದಲ್ಲೆಲ್ಲ ಗಾಳಿ. ಒಂದೇ ಸೈಜಿನ ಗೋಲಿಗಳನ್ನು ಡಬ್ಬಿಗೆ ಸುರಿದು ಎಷ್ಟೇ ಕುಲುಕಿದರೂ ಸುಮಾರು 64 ಪರ್ಸೆಂಟ್ ಜಾಗವಷ್ಟೇ ತುಂಬುತ್ತಂತೆ. ನಯವಾದ ಗೋಲಿಯ ಗತಿಯೇ ಹೀಗಾದರೆ, ಸುಕ್ಕುಸುಕ್ಕಾದ ದ್ರಾಕ್ಷಿಯ ಪಾಡೇನು? ನಾನು 290 ಗ್ರಾಂ ಹಾಕಬೇಕಾದ ಕಡೆ 500 ಹಾಕಿದ್ದೆ.

ಇನ್ನು ಕಪ್ ಆದರೂ ಒಂದೇ ಥರ ಇದೆಯಾ ಅಂದ್ರೆ, ಅದೂ ಇಲ್ಲ. ಅಮೆರಿಕದ್ದು ಸುಮಾರು 237 ಮಿ.ಲೀ., ಆಸ್ಟ್ರೇಲಿಯಾದ್ದು 250, ಜಪಾನಿನದು 200. ಆಸ್ಟ್ರೇಲಿಯಾದವರ ದೊಡ್ಡ ಚಮಚವೂ 20 ಮಿ.ಲೀ., ಬೇರೆ ಕಡೆ 15. ಕಪ್ಪನ್ನು ನಂಬಿ ಕೆಟ್ಟೆ ಅಂತ ಡಿಜಿಟಲ್ ತಕ್ಕಡಿ ತಂದೆ.

ಎರಡನೇ ಸಲ ಖರ್ಜೂರದ ಸರದಿ. ತಕ್ಕಡಿ ಮೇಲೆ ಬಟ್ಟಲಿಟ್ಟು, ಗುಂಡಿ ಒತ್ತಿ, ಸೊನ್ನೆ ಮಾಡಿ, ಹಾಕುತ್ತಾ ಹೋದೆ. ನಡುವೆ ಮೂರು ಖರ್ಜೂರ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿದೆ. ಅವು ಬೆರಳಿಗೆ ಅಂಟಿದವು. ಬೆರಳಿನಿಂದ ಬಿಡಿಸಿಕೊಳ್ಳೋ ಹೊತ್ತಿಗೆ ತಕ್ಕಡಿ ಬೇಜಾರಾಗಿ ತಾನೇ ಆಫ್ ಆಗಿತ್ತು. ಅಂಟು ಬೆರಳಲ್ಲೇ ಮತ್ತೆ ಆನ್ ಮಾಡಿದೆ. ಅರ್ಧ ತುಂಬಿದ ಬಟ್ಟಲನ್ನು ಹೊತ್ತುಕೊಂಡೇ ಅದು 0 ಅಂತ ತೋರಿಸಿತು, ಏನೂ ಆಗೇ ಇಲ್ಲ ಅನ್ನೋ ಹಾಗೆ. ಸುರಿದು, ಬಟ್ಟಲು ತೊಳೆದು, ಮೊದಲಿಂದ ಶುರು ಮಾಡಿದೆ. ಆಮೇಲೆ ನೋಡಿದರೆ ಪಾಕವಿಧಾನದಲ್ಲಿ ಗ್ರಾಂ ಇರಲೇ ಇಲ್ಲ, "ಹೆಚ್ಚಿದ ಖರ್ಜೂರ ಒಂದು ಕಪ್" ಅಂತಿತ್ತು. ಇಡೀ ಹಣ್ಣನ್ನು ಕಪ್ಪಲ್ಲಿ ಅಳೆದು ಆಮೇಲೆ ಹೆಚ್ಚೋದೇ ಬೇರೆ, ಹೆಚ್ಚಿ ಅಳೆಯೋದೇ ಬೇರೆ. ಚೂರು ಸಣ್ಣದಾದಷ್ಟೂ ಕಪ್ಪಿಗೆ ಜಾಸ್ತಿ ಹಿಡಿಯುತ್ತೆ. ಎಷ್ಟು ಸಣ್ಣಗೆ ಹೆಚ್ಚಬೇಕು ಅಂತ ಬರೆಯೋರು ಮಾತ್ರ ಬರೆದಿರಲ್ಲ.

ಇಷ್ಟರಲ್ಲಿ ನನಗೆ ತೂಕದ ಹುಚ್ಚು ಹಿಡಿದಿತ್ತು. ತಕ್ಕಡಿ ಮೇಲೆ ಒಂದೇ ಒಂದು ಒಣದ್ರಾಕ್ಷಿ ಇಟ್ಟೆ. 0 ಅಂದಿತು. ಹತ್ತು ಇಟ್ಟೆ. 5 ಅಂದಿತು. ಅಂದ್ರೆ ಒಂದು ದ್ರಾಕ್ಷಿ ಸುಮಾರು ಅರ್ಧ ಗ್ರಾಂ! ಈ ಸಂಶೋಧನೆಯನ್ನು ಹೆಂಡತಿಗೆ ಎರಡೆರಡು ಸಲ ವಿವರಿಸಿದೆ. ಅವಳು ಕೆಲಸ ಮಾಡುತ್ತಲೇ ತಲೆಯಾಡಿಸಿದಳು. ಕೇಳಿಸಿಕೊಳ್ಳುತ್ತಿಲ್ಲ ಅಂದುಕೊಂಡೆ.

ಮೊನ್ನೆ ಮತ್ತೆ ಅದೇ ಕೇಕ್, ಈ ಸಲ ಅರ್ಧ ಅಳತೆಯಲ್ಲಿ. ಒಂದು ಕಪ್ ದ್ರಾಕ್ಷಿ ತೂಗಿ, 145 ಅಂತ ಕೂಗಿ ಹೇಳಿ, ಪಕ್ಕಕ್ಕಿಟ್ಟೆ. ಅವಳು ಹಿಟ್ಟಿಗೆ ಸುರಿಯೋ ಮುಂಚೆ ಯಾಕೋ ಇನ್ನೊಂದು ಸಲ ತೂಗಿದಳು. ನೋಡೋಕೆ ಕಪ್ ತುಂಬಿದ ಹಾಗೇ ಇತ್ತು. ತಕ್ಕಡಿ 133 ಅಂದಿತು.

"ರೀ, ಇಪ್ಪತ್ತನಾಲ್ಕು ದ್ರಾಕ್ಷಿ ಎಲ್ಲಿ ಹೋಯ್ತು?"

ಬಾಯಿ ತುಂಬಿತ್ತು. ಉತ್ತರ ಕೊಡಲಾಗಲಿಲ್ಲ.